ಕೇಕಿನ ನೆಪದಲ್ಲಿ ಕಂಡ ಊರು

ಊರೊಂದನ್ನು ಅರಿತುಕೊಳ್ಳುವುದಕ್ಕೆ ಹಲವು ದಾರಿಗಳುಂಟು. ಭಕ್ತರು ದೇವಸ್ಥಾನಗಳ ಮೂಲಕ ಊರನ್ನು ಅರಿಯುತ್ತಾರೆ; ವ್ಯಾಪಾರಿಗಳು ಮಂಡಿಗಳ ಮೂಲಕ; ರೋಗಿಗಳು, ಪಾಪ, ಔಷಧದ ಅಂಗಡಿಗಳ ಮೂಲಕ. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನಂಥವನು ಗ್ರಂಥಾಲಯದ ಮೂಲಕವೋ, ಸಂಜೆ ಹಿರಿಯರು ಕೂಡುವ ಉದ್ಯಾನದ ಕಲ್ಲುಬೆಂಚಿನ ಮೂಲಕವೋ ಊರಿನ ಪರಿಚಯ ಮಾಡಿಕೊಳ್ಳುವುದು ವಾಡಿಕೆ. ಆದರೆ ತುಮಕೂರು ನನಗೆ ಪರಿಚಯವಾದದ್ದು ಕೇಕಿನ ಮೂಲಕ. ಇದನ್ನು ಕೇಳಿ ನೀವು ನಗಬಹುದು. ಅರವತ್ತೇಳು ವಯಸ್ಸಿನ, ಸಕ್ಕರೆ ಕಾಯಿಲೆಯ ಮನುಷ್ಯನೊಬ್ಬ ಕೇಕಿನ ಅಂಗಡಿಗಳ ಸುತ್ತ ಅಲೆದದ್ದು ನಗೆಯ ವಿಷಯವೇ ಸರಿ. ಆ ಅಲೆದಾಟ ನಗೆಯಲ್ಲಿ ಆರಂಭವಾಯಿತಾದರೂ ನಗೆಯಲ್ಲಿಯೇ ಮುಗಿಯಲಿಲ್ಲ. ಆದ್ದರಿಂದಲೇ ನಿಮ್ಮ ಮುಂದೆ ಅದನ್ನು ಹೇಳಿಕೊಳ್ಳುವ ಮನಸ್ಸಾಗಿದೆ.

ಮಗನಿಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ದೊರೆತದ್ದರಿಂದ ನಾವು ಸಂಸಾರಸಮೇತ ಈ ಊರಿಗೆ ಬಂದೆವು. ನಾನು ಹುಡುಗನಾಗಿದ್ದಾಗ ಕಂಡ ತುಮಕೂರಿಗೂ ಈಗಿನದಕ್ಕೂ ಹೆಸರೊಂದೇ ಸಮಾನ ಎನ್ನೋಣವೆಂದರೆ, ಆ ಹೆಸರೂ ಇಂಗ್ಲಿಷ್ ಬರಹದಲ್ಲಿ 2014ರಲ್ಲಿ ತನ್ನ ಕನ್ನಡ ರೂಪವನ್ನು ಮರಳಿ ಪಡೆಯಿತು. 2010ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರು. ಬೆಳಿಗ್ಗೆ ರೈಲು ಹತ್ತಿ ಹೋಗಿ ರಾತ್ರಿ ಮರಳುವವರು ಎಷ್ಟೋ ಜನ. ಇಂಥ ಊರಿನಲ್ಲಿ ಹೊಸ ಬಡಾವಣೆಯೊಂದು ಹುಟ್ಟಿದೊಡನೆ ಮೊದಲು ಬರುವುದು ಸಿಮೆಂಟಿನ ಅಂಗಡಿ, ಎರಡನೆಯದು ಔಷಧದ ಅಂಗಡಿ, ಮೂರನೆಯದು ಬೇಕರಿ. ದೇವಸ್ಥಾನ ಬರುವುದು ಆಮೇಲೆ.

ನಮ್ಮೊಡನೆ ಬಂದವರಲ್ಲಿ ನನ್ನ ಸೋದರತ್ತೆಯವರೂ ಒಬ್ಬರು. ನನ್ನ ತಂದೆಯ ಕಿರಿಯ ತಂಗಿ. ಇಪ್ಪತ್ತೆರಡು ತುಂಬುವ ಮೊದಲೇ ಪತಿಯನ್ನು ಕಳೆದುಕೊಂಡು ತವರಿಗೆ ಮರಳಿದವರು, ಅಂದಿನಿಂದ ನಮ್ಮ ಮನೆಯ ಅಡಿಗೆಕೋಣೆಯೇ ಅವರ ರಾಜ್ಯ. ನಮ್ಮ ವಂಶದಲ್ಲಿ ನಡೆದ ಮದುವೆ, ಮುಂಜಿ, ನಾಮಕರಣಗಳಲ್ಲಿ ಅವರು ತಟ್ಟದ ಹೋಳಿಗೆಯಿಲ್ಲ, ಕರಿಯದ ಚಿರೋಟಿಯಿಲ್ಲ. ಆದರೆ ಆರತಿ ಎತ್ತುವ ಹೊತ್ತಿಗೆ, ಮುತ್ತೈದೆಯರಿಗೆ ಕುಂಕುಮ ಕೊಡುವ ಹೊತ್ತಿಗೆ, ಅವರು ಒಳಗಿನ ಕೋಣೆಯಲ್ಲಿರುತ್ತಿದ್ದರು. ಅವರನ್ನು ಒಳಗೆ ಹೋಗಿರೆಂದು ಯಾರೂ ಹೇಳುತ್ತಿರಲಿಲ್ಲ; ಹೊರಗೆ ಬನ್ನಿರೆಂದೂ ಯಾರೂ ಹೇಳುತ್ತಿರಲಿಲ್ಲ. ನಾನೂ ಹೇಳಲಿಲ್ಲ. ಸಾಹಿತ್ಯದ ತರಗತಿಯಲ್ಲಿ ವಿಧವೆಯರ ಬಾಳಿನ ಬಗೆಗೆ ಗಂಟಲು ತುಂಬಿ ಪಾಠ ಹೇಳಿ, ಸಂಜೆ ಮನೆಗೆ ಬಂದು ಅತ್ತೆಯ ಕೈಯ ಕಾಫಿಯನ್ನು ಕುಡಿಯುತ್ತಿದ್ದವನು ನಾನು.

ಮೊಮ್ಮಗಳ ಏಳನೆಯ ಹುಟ್ಟುಹಬ್ಬದಂದು ಮನೆಗೆ ಕೇಕು ಬಂತು. ಮಕ್ಕಳು ಸೇರಿದರು, ಮೇಣದ ಬತ್ತಿ ಹಚ್ಚಿದರು, ಊದಿ ಆರಿಸಿದರು, ಹೆಸರು ಹಿಡಿದು ಹಾಡಿದರು. ಅತ್ತೆ ಅಡಿಗೆಕೋಣೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಕೇಕನ್ನು ಮುಟ್ಟುವವರಲ್ಲ, ಮೊಟ್ಟೆಯ ಪದಾರ್ಥ. ಅಂದು ರಾತ್ರಿ ಮೊಮ್ಮಗಳು ಅವರ ಮಗ್ಗುಲಲ್ಲಿ ಮಲಗಿಕೊಂಡು, "ಮುತ್ತಜ್ಜಿ, ನಿನ್ನ ಹುಟ್ಟಿದಹಬ್ಬ ಯಾವಾಗ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು.

"ನಂಗೆಲ್ಲೇ ಹುಟ್ಟಿದಹಬ್ಬ? ಭಾರತ ಹುಣ್ಣಿಮೆ ದಿನ ಹುಟ್ಟಿದೆ ಅಂತ ನಮ್ಮಮ್ಮ ಹೇಳೋರು, ಅಷ್ಟೆ."

"ಹಾಗಾದ್ರೆ ಅವತ್ತು ನಿಂಗೆ ಕೇಕು ಕಟ್ ಮಾಡೋಣ."

ಕೊಂಚ ಹೊತ್ತು ಮೌನ. ಆಮೇಲೆ ಅತ್ತೆಯ ದನಿ: "ಮೊಟ್ಟೆ ಹಾಕದೇ ಮಾಡೋಕೆ ಬರೋದೇ ಇಲ್ವೇನೋ ಅದನ್ನ?"

ಕೇಳುತ್ತಿದ್ದವನಿಗೆ ನಿದ್ದೆ ಬರಲಿಲ್ಲ. ಸುಮ್ಮನೆ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನಕ್ಕೆ ತುಸು ಹೆಚ್ಚೆಂದು ಹಿಡಿದರೆ, ಸಾವಿರ ಹುಣ್ಣಿಮೆಗೆ ಎಂಬತ್ತು ವರ್ಷ, ಹತ್ತು ತಿಂಗಳು. ಬರಲಿದ್ದ ಭಾರತ ಹುಣ್ಣಿಮೆಗೆ ಅತ್ತೆಗೆ ಎಂಬತ್ತೊಂದು ತುಂಬುತ್ತಿತ್ತು. ಎಂದರೆ ಸಾವಿರದ ಮೇಲೆ ಒಂದೆರಡು ಹುಣ್ಣಿಮೆಗಳೂ ಸಂದಿದ್ದವು. ನನ್ನ ತಂದೆಯವರಿಗೆ ನಾವು ಸಹಸ್ರಚಂದ್ರದರ್ಶನ ಶಾಂತಿಯನ್ನು ವಿಜೃಂಭಣೆಯಿಂದ ಮಾಡಿದ್ದೆವು. ಅಂದು ಇನ್ನೂರು ಎಲೆಗೆ ಹೋಳಿಗೆ ತಟ್ಟಿದವರು ಇದೇ ಅತ್ತೆ. ಅವರ ಸಾವಿರದ ಚಂದ್ರ ಯಾವ ತಿಂಗಳು ಬಂದು ಹೋದನೋ ನಮಗೆ ತಿಳಿದಿರಲಿಲ್ಲ.

ಮರುದಿನವೇ ನಾನು ಕೇಕನ್ನು ಹುಡುಕುತ್ತ ಹೊರಟೆ.

ಮೊದಲು ಹೋದದ್ದು ಹೊಸ ಬಡಾವಣೆಯ ಗಾಜಿನ ಅಂಗಡಿಯೊಂದಕ್ಕೆ. ಹೆಸರು ಬೇಡ. ಒಳಗೆ ತಂಪುಗಾಳಿ, ಸಣ್ಣ ಸಂಗೀತ. ಗಾಜಿನ ಪೆಟ್ಟಿಗೆಯಲ್ಲಿ ಆಭರಣಗಳಂತೆ ಜೋಡಿಸಿಟ್ಟ ಕೇಕುಗಳು. "ಮೊಟ್ಟೆಯಿಲ್ಲದ್ದು ಉಂಟೇ?" ಎಂದೆ. "ಎಲ್ಲಾ ಎಗ್‌ಲೆಸ್ ಸಾರ್" ಎಂದ ಹುಡುಗ. "ಹಾಗಾದರೆ ಮೊಟ್ಟೆಗೆ ಬದಲಾಗಿ ಏನು ಹಾಕುತ್ತೀರಿ?" ಎಂದು ಕೇಳಿದೆ. ಅಧ್ಯಾಪಕನ ದುರಭ್ಯಾಸ, ಉತ್ತರ ಬಂದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಹುಡುಗ ಒಳಗೆ ಹೋದ, ಬಂದ. "ಪ್ರೀಮಿಕ್ಸ್ ಸಾರ್" ಎಂದ. ಅದರೊಳಗೆ ಏನಿದೆ? ಅದು ಬೆಂಗಳೂರಿನಿಂದ ಚೀಲದಲ್ಲಿ ಬರುತ್ತದೆ. ಚೀಲದ ಮೇಲೆ ಏನು ಬರೆದಿದೆ? ಚೀಲ ಇಲ್ಲಿಲ್ಲ, ಕೇಕು ಬೇಯಿಸುವುದು ಬೇರೆ ಕಡೆ. ಅಲ್ಲಿಗೆ ಹೋಗಿ ನೋಡಬಹುದೇ? ಹುಡುಗ ನಕ್ಕ. ಸುಳ್ಳು ಹೇಳುವ ಹುಡುಗನಲ್ಲ ಅವನು. ಅವನಿಗೆ ತಿಳಿಯದು, ಅಷ್ಟೆ. ತಾನು ಮಾರುವ ವಸ್ತುವನ್ನು ಯಾರು ಮಾಡಿದರು, ಯಾವುದರಿಂದ ಮಾಡಿದರು ಎಂಬುದು ತಿಳಿಯದೆಯೇ ಮಾರುವುದು ಇಂದಿನ ವ್ಯಾಪಾರದ ಸಹಜಸ್ಥಿತಿ. ಅಂಗಡಿ ಬೆಳೆದಷ್ಟೂ ಒಲೆಗೂ ಗಲ್ಲಾಪೆಟ್ಟಿಗೆಗೂ ದೂರ ಹೆಚ್ಚುತ್ತದೆ.

ಎರಡನೆಯದಾಗಿ ಬಿ.ಎಚ್. ರಸ್ತೆಯ ಒಂದು ಪಕ್ಕದ ಬೀದಿಯಲ್ಲಿದ್ದ ಹಳೆಯ ಅಯ್ಯಂಗಾರ್ ಬೇಕರಿಗೆ ಹೋದೆ. ಇಲ್ಲಿ ಕೊಂಚ ನಿಲ್ಲಬೇಕು. ನಮ್ಮ ನಾಡಿನಲ್ಲಿ ಅಯ್ಯಂಗಾರ್ ಬೇಕರಿಯ ಹಲಗೆಯಿಲ್ಲದ ಪಟ್ಟಣ ದುರ್ಲಭ. ಆದರೆ ಈ ಸಂಯೋಗ ಎಷ್ಟು ವಿಚಿತ್ರವಾದದ್ದೆಂದು ನಾವು ಯೋಚಿಸುವುದೇ ಇಲ್ಲ. ಮಡಿ ಮೈಲಿಗೆಗಳಿಗೆ ಹೆಸರಾದ ಸಮುದಾಯವೊಂದು ಪರಂಗಿಯವರ ರೊಟ್ಟಿಯನ್ನು ಬೇಯಿಸುವ ಕಸುಬಿಗೆ ಕೈಹಾಕಿತು. ಹಾಸನ ಜಿಲ್ಲೆಯ ಕಡೆಯಿಂದ ಬಂದ ತಿರುಮಲಾಚಾರ್ ಎಂಬುವರು ಸೋದರರೊಡನೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿಯನ್ನು, ಎಂದರೆ ಬೆಂಗಳೂರು ಬ್ರದರ್ಸ್ ಬೇಕರಿಯನ್ನು, ತೆರೆದರು. ಮೊದಲು ಅದು ಮಿಠಾಯಿ ಅಂಗಡಿಯಾಗಿತ್ತೆಂದೂ, ಗಿರಾಕಿಯಾಗಿ ಬರುತ್ತಿದ್ದ ಇಂಗ್ಲಿಷರವನೊಬ್ಬ ರೊಟ್ಟಿ ಬೇಯಿಸುವುದನ್ನು ಹೇಳಿಕೊಟ್ಟನೆಂದೂ ಪ್ರಚಲಿತ ಕಥೆ. ಮುಂದೆ ಒಬ್ಬ ಬಂಧುವಿನಿಂದ ಇನ್ನೊಬ್ಬ ಬಂಧುವಿಗೆ, ಒಂದು ಹಳ್ಳಿಯಿಂದ ಪಕ್ಕದ ಹಳ್ಳಿಗೆ ಕಸುಬು ಹಬ್ಬಿತು. ವಿಶ್ವೇಶ್ವರಪುರದ ಪ್ರಸಿದ್ಧ ವಿ.ಬಿ. ಬೇಕರಿ 1953ರದು. ಪರದೇಶದ ಒಲೆ ಸಿಕ್ಕರೂ ನಾಲಗೆ ನಮ್ಮದೇ ಉಳಿಯಿತು. ಬನ್ನಿನೊಳಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿ ಖಾರಾಬನ್ನಾಯಿತು. ಕೊಬ್ಬರಿ, ಸಕ್ಕರೆ, ಟೂಟಿಫ್ರೂಟಿಗಳನ್ನು ತುಂಬಿದ್ದು ದಿಲ್‌ಪಸಂದ್ ಆಯಿತು. ಸಕ್ಕರೆ ಪಾಕದಲ್ಲಿ ನೆನೆಸಿ, ಮೇಲೆ ಜಾಮು ಬಳಿದು, ಒಣಕೊಬ್ಬರಿಯ ತುರಿ ಉದುರಿಸಿದ್ದು ಹನಿಕೇಕಾಯಿತು. ಹೋಳಿಗೆಯ ಹೂರಣವನ್ನೂ ಒಗ್ಗರಣೆಯ ಸಾಮಗ್ರಿಯನ್ನೂ ಬಲ್ಲವರ ಕೈಗೆ ಮೈದಾ ಸಿಕ್ಕರೆ ಇನ್ನೇನಾದೀತು!

ಕೇಕು ನಮ್ಮ ಕರಾವಳಿಗೆ ಬಂದ ಕಥೆಯೂ ಇದನ್ನೇ ಹೋಲುತ್ತದೆ. ಕೇರಳದ ತಲಚೇರಿಯಲ್ಲಿ 1880ರಲ್ಲಿ ಬಿಸ್ಕತ್ತಿನ ಕಾರ್ಖಾನೆ ತೆರೆದ ಮಾಂಬಳ್ಳಿ ಬಾಪು ಎಂಬುವರಿಗೆ, ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ 1883ರಲ್ಲಿ ವಿಲಾಯಿತಿಯ ಕೇಕೊಂದನ್ನು ತಂದು ತೋರಿಸಿ, ಇಂಥದನ್ನು ಮಾಡಿಕೊಡೆಂದು ಕೇಳಿದನಂತೆ. ಬಾಪು ಸ್ಥಳೀಯವಾಗಿ ದೊರೆತ ಸಾಮಗ್ರಿಗಳಿಂದಲೇ ಮಾಡಿಕೊಟ್ಟರೆಂಬುದು ಅಲ್ಲಿನ ಹೆಮ್ಮೆಯ ಕಥೆ. ಮಾದರಿ ಹೊರಗಿನದು, ಸಾಮಗ್ರಿ ಊರಿನದು. ನಮ್ಮ ಕಾದಂಬರಿಯೂ ಸಣ್ಣಕಥೆಯೂ ಹುಟ್ಟಿದ್ದು ಬಹುಮಟ್ಟಿಗೆ ಹೀಗೆಯೇ ಅಲ್ಲವೇ?

ಈಗ ನಮ್ಮ ಬೇಕರಿಗೆ ಮರಳೋಣ. ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ಅಂಗಡಿಯ ಹಿಂಭಾಗದಲ್ಲಿ ಇಟ್ಟಿಗೆಯ ಕಮಾನಿನ ಭಟ್ಟಿ. ಹಿಂದೆ ಸೌದೆಯಲ್ಲಿ ಉರಿಯುತ್ತಿದ್ದ ಆ ಭಟ್ಟಿ ಈಗ ವಾರಕ್ಕೆ ಎರಡು ದಿನ ಮಾತ್ರ ಕಾಯುತ್ತದೆ. ಉಳಿದ ದಿನ ಪಕ್ಕದಲ್ಲಿರುವ ವಿದ್ಯುತ್ತಿನ ಒಲೆ. ನನ್ನ ಪ್ರಶ್ನೆಗೆ ಅವರು ನೇರವಾಗಿ ಉತ್ತರಿಸಿದರು.

"ಮೊಟ್ಟೆ ಇಲ್ಲದ ಕೇಕು ನಾನೂ ಮಾಡ್ತೀನಿ ಮೇಷ್ಟ್ರೇ. ಆದ್ರೆ ಯಾರಿಗೆ?"

ಹೇಳಿದೆ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಹಾಗಿದ್ರೆ ನನ್ನ ಹತ್ರ ಬೇಡಿ. ಇಲ್ಲಿ ಹಿಟ್ಟು ಕಲಸೋ ಯಂತ್ರ ಒಂದೇ. ಬೆಳಿಗ್ಗೆ ಮೊಟ್ಟೆ ಕೇಕು, ಮಧ್ಯಾಹ್ನ ಅದನ್ನೇ ತೊಳೆದು ಇದು. ಹುಡುಗರಿಗೆ ಕೊಡೋವಾಗ ಯಾರೂ ಕೇಳಲ್ಲ, ನಾನೂ ಹೇಳಲ್ಲ. ಎಂಬತ್ತು ವರ್ಷ ನೇಮ ಇಟ್ಕೊಂಡವರಿಗೆ ಹೇಳದೇ ಕೊಟ್ಟರೆ ನನಗೆ ಒಳ್ಳೇದಾಗಲ್ಲ."

ಗಿರಾಕಿಯನ್ನು ಹಿಂದಕ್ಕೆ ಕಳುಹಿಸುವ ವ್ಯಾಪಾರಿಯನ್ನು ನಾನು ಅದೇ ಮೊದಲು ಕಂಡದ್ದು. ಕಳುಹಿಸುವ ಮುನ್ನ ಅವರು ನನಗೊಂದು ಪಾಠವನ್ನೂ ಹೇಳಿದರು. ಕೇಕಿನಲ್ಲಿ ಮೊಟ್ಟೆಗೆ ಮೂರು ಕೆಲಸ. ಅದನ್ನು ಕಡೆದರೆ ಗಾಳಿಯ ಸಣ್ಣ ಗುಳ್ಳೆಗಳನ್ನು ಹಿಡಿದಿಡುತ್ತದೆ. ಎಣ್ಣೆ ಬೆಣ್ಣೆಗಳನ್ನು ನೀರಿನೊಡನೆ ಒಡೆಯದಂತೆ ಬೆರೆಸುತ್ತದೆ. ಕಾವು ತಗುಲಿದೊಡನೆ ಗಟ್ಟಿಯಾಗಿ, ಉಬ್ಬಿದ್ದು ಕುಸಿಯದಂತೆ ಕಂಬಗಳ ಹಾಗೆ ನಿಲ್ಲುತ್ತದೆ. ಮೊಟ್ಟೆ ತೆಗೆದರೆ ಈ ಮೂರೂ ಕೆಲಸಕ್ಕೆ ಬೇರೆ ಆಳುಗಳನ್ನು ಗೊತ್ತುಮಾಡಬೇಕು. ಮೊಸರಿನ ಹುಳಿಗೂ ಅಡಿಗೆ ಸೋಡಾಕ್ಕೂ ಸಂಬಂಧ ಕೂಡಿಸಿದರೆ ಅನಿಲ ಹುಟ್ಟಿ ಹಿಟ್ಟು ಉಬ್ಬುತ್ತದೆ. ಸಕ್ಕರೆ ಸೇರಿಸಿ ಗಟ್ಟಿಮಾಡಿದ ಡಬ್ಬಿಯ ಹಾಲು ಮೃದುತ್ವವನ್ನೂ ಬಣ್ಣವನ್ನೂ ಕೊಡುತ್ತದೆ. ಕಂಬದ ಕೆಲಸವನ್ನು ಮೈದಾದ ಪಿಷ್ಟವೇ ಮಾಡಬೇಕು. ಆದ್ದರಿಂದ ಹಿಟ್ಟನ್ನು ಹೆಚ್ಚು ಕಲಸಬಾರದು, ಕಲಸಿದರೆ ಜಿಗುಟು ಬಲಿತು ಕೇಕು ರೊಟ್ಟಿಯಾಗುತ್ತದೆ. ಕಲಸಿದ ಮೇಲೆ ಕಾಯಿಸಿಡಲೂ ಬಾರದು. ಹುಟ್ಟಿದ ಅನಿಲ ಹಾರಿಹೋಗುತ್ತದೆ. ಒಲೆ ಮೊದಲೇ ನೂರ ಎಪ್ಪತ್ತು, ನೂರ ಎಂಬತ್ತು ಡಿಗ್ರಿಗೆ ಕಾದು ಸಿದ್ಧವಾಗಿರಬೇಕು. "ನಮ್ಮ ಅಪ್ಪನಿಗೆ ಡಿಗ್ರಿ ಗೊತ್ತಿರಲಿಲ್ಲ. ಭಟ್ಟಿಯೊಳಕ್ಕೆ ಚಿಟಿಕೆ ಮೈದಾ ಎರಚೋರು. ಅದು ಕೆಂಪಗಾಗೋ ಹೊತ್ತು ನೋಡಿ ಕಾವು ಹೇಳೋರು" ಎಂದರು. ಅವರ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಆ ಭಟ್ಟಿಯ ಮುಂದೆ ಇನ್ನೆಷ್ಟು ದಿನ ಚಿಟಿಕೆ ಮೈದಾ ಹಿಡಿದು ಯಾರು ನಿಲ್ಲುವರೋ ತಿಳಿಯದು. ಅವರು ಅದನ್ನು ದುಃಖದಿಂದ ಹೇಳಲಿಲ್ಲವಾದ್ದರಿಂದ ನಾನೂ ದುಃಖವನ್ನು ನಟಿಸಲಿಲ್ಲ.

"ಮಂಡಿಪೇಟೆಯಲ್ಲಿ ಬೇಕರಿ ಸಾಮಾನಿನ ಅಂಗಡಿ ಇದೆ. ಅಲ್ಲಿ ಹೋಗಿ ಕೇಳಿ. ಮನೇಲಿ ಕೇಕು ಮಾಡೋರೆಲ್ಲ ಅಲ್ಲಿಗೆ ಬರ್ತಾರೆ" ಎಂದು ದಾರಿ ತೋರಿಸಿದರು.

ಮಂಡಿಪೇಟೆ ತುಮಕೂರಿನ ಹಳೆಯ ಸಗಟು ಪೇಟೆ. ಬೇಳೆ, ಬೆಲ್ಲ, ಕೊಬ್ಬರಿ, ಹುಣಸೆಹಣ್ಣುಗಳ ವಾಸನೆಯ ನಡುವೆ, ಆರೇಳು ಅಡಿ ಅಗಲದ ಒಂದು ಅಂಗಡಿ. ಒಳಗೆ ಕಾಲಿಟ್ಟವನಿಗೆ, ನಾಟಕದ ಪರದೆಯ ಹಿಂದೆ ಇಣುಕಿದ ಹುಡುಗನಿಗೆ ಆಗುವ ಅನುಭವವಾಯಿತು. ಗಾಜಿನ ಅಂಗಡಿಯಲ್ಲಿ ವೇಷ ಧರಿಸಿ ನಿಂತಿದ್ದವರೆಲ್ಲ ಇಲ್ಲಿ ಬಣ್ಣವಿಲ್ಲದೆ ಚೀಲಗಳಲ್ಲಿ ಕುಳಿತಿದ್ದರು. ಪ್ರೀಮಿಕ್ಸ್ ಎಂಬ ಮಹಾಶಯ ದೊಡ್ಡ ಚೀಲದಲ್ಲಿದ್ದ: ಮೈದಾ, ಸಕ್ಕರೆ, ಹಾಲಿನ ಪುಡಿ, ಉಬ್ಬುಪುಡಿ ಎಲ್ಲವನ್ನೂ ಮೊದಲೇ ಬೆರೆಸಿದ ಮಿಶ್ರಣ, ನೀರು, ಎಣ್ಣೆ ಹಾಕಿದರೆ ಸಾಕು. ಕೇಕಿನ ಮೇಲಿನ ಬಿಳಿಯ ನೊರೆಯನ್ನು ಹಾಲಿನ ಕೆನೆಯೆಂದು ನಾನು ತಿಳಿದಿದ್ದೆ. ಬಹುಪಾಲು ಅಂಗಡಿಗಳಲ್ಲಿ ಅದು ತಾಳೆಯ ಬೀಜದೆಣ್ಣೆಯಂಥ ಸಸ್ಯದ ಕೊಬ್ಬಿನಿಂದ ತಯಾರಾದದ್ದು. ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಪೆಟ್ಟಿಗೆಗಳಲ್ಲಿ ಬರುತ್ತದೆ. ಚಾಕೊಲೇಟೆಂದು ಮಕ್ಕಳು ಮೆಲ್ಲುವ ಕಾಂಪೌಂಡಿನಲ್ಲಿ ಕೋಕೋ ಬೆಣ್ಣೆಯ ಸ್ಥಾನದಲ್ಲಿರುವುದೂ ಬೇರೆ ಸಸ್ಯದ ಕೊಬ್ಬೇ. ಇನ್ನು ಟೂಟಿಫ್ರೂಟಿ ಎಂಬ ಬಣ್ಣದ ಹರಳುಗಳು ಪರಂಗಿಕಾಯಿಯ ಚೂರುಗಳು. ಸಕ್ಕರೆಯ ಪಾಕದಲ್ಲಿ ಮುಳುಗಿ ಎದ್ದು ಹೆಸರು ಬದಲಿಸಿಕೊಂಡವು. ಕೇಕಿನ ನೆತ್ತಿಯ ಕೆಂಪು ಚೆರ್ರಿಯೋ, ಎಷ್ಟೋ ವೇಳೆ ನಮ್ಮ ಕುರುಚಲು ಕಾಡಿನ ಕವಳೆಹಣ್ಣು! ಬಾಲ್ಯದಲ್ಲಿ ಮುಳ್ಳು ಚುಚ್ಚಿಸಿಕೊಂಡು ಕಿತ್ತು ತಿಂದ ಹುಳಿಹಣ್ಣು ಬೀಜ ಕಳೆದುಕೊಂಡು, ಕೆಂಪು ಬಣ್ಣ ಹಚ್ಚಿಕೊಂಡು, ಕಾಶ್ಮೀರದ ಸಂಬಂಧಿಯೆಂದು ಹೇಳಿಕೊಂಡು ಪಟ್ಟಣದಲ್ಲಿ ಬದುಕುತ್ತಿದೆ. ಬೆಳೆಯುವ ಊರಿಗೆ ಬಂದು ನೆಲಸಿದ ನಮ್ಮಲ್ಲಿ ಯಾರು ಅದನ್ನು ನೋಡಿ ನಗಬಲ್ಲರು?

ಕೇಕು ಸ್ಪಂಜಿನಂತೆ ಉಬ್ಬಲು ಸೇರಿಸುವ ಕೇಕ್ ಜೆಲ್ ಎಂಬುದೊಂದುಂಟು. ಕೊಬ್ಬು ಮತ್ತು ನೀರುಗಳನ್ನು ಕೂಡಿಸುವ ಪದಾರ್ಥ ಅದು. ಅದರ ಮುಖ್ಯಾಂಶವನ್ನು ಸಸ್ಯದ ಕೊಬ್ಬಿನಿಂದಲೂ ಮಾಡಬಹುದು, ಪ್ರಾಣಿಯ ಕೊಬ್ಬಿನಿಂದಲೂ ಮಾಡಬಹುದು. ಅಂಗಡಿಯವರು ಡಬ್ಬಿಯನ್ನು ತಿರುಗಿಸಿ ಹಸುರು ಚಿಹ್ನೆಯನ್ನು ತೋರಿಸಿದರು. ನಮ್ಮ ದೇಶದಲ್ಲಿ ಪೊಟ್ಟಣದ ಆಹಾರದ ಮೇಲೆ ಸಸ್ಯಾಹಾರಕ್ಕೆ ಹಸುರು ಗುರುತು, ಮಾಂಸಾಹಾರಕ್ಕೆ ಕಂದು ಗುರುತು ಇರಬೇಕೆಂಬ ನಿಯಮವಿದೆ. ಮೊಟ್ಟೆ ಸೇರಿದ್ದಕ್ಕೂ ಕಂದೇ. ಗಾಜಿನ ಅಂಗಡಿಯಲ್ಲಿ ಸಿಗದಿದ್ದ ಉತ್ತರ ಇಲ್ಲಿ ಡಬ್ಬಿಯ ಬೆನ್ನಿನ ಮೇಲೆ ಅಚ್ಚಾಗಿತ್ತು.

ಆ ಅಂಗಡಿಯಲ್ಲಿ ನಾನು ಕಂಡ ದೊಡ್ಡ ಅಚ್ಚರಿ ಸಾಮಾನುಗಳಲ್ಲ, ಗಿರಾಕಿಗಳು. ಅರ್ಧ ಗಂಟೆ ನಿಂತಿದ್ದೆ, ಬಂದವರೆಲ್ಲ ಹೆಂಗಸರು. ಸ್ಕೂಟರಿನಲ್ಲಿ ಬಂದವರು, ಬಸ್ಸಿನಿಂದ ಇಳಿದವರು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡವರು. ಒಬ್ಬರಿಗೆ ಆರಂಗುಲದ ತಗಡಿನ ಅಚ್ಚು, ಒಬ್ಬರಿಗೆ ಬೆಣ್ಣೆಕಾಗದ, ಒಬ್ಬರಿಗೆ ಕ್ರೀಮು ಹಿಂಡುವ ಮೂತಿ, ಇನ್ನೊಬ್ಬರಿಗೆ ಕೇಕಿನಡಿಯ ಹೊಳೆಯುವ ರಟ್ಟು. ಕೊಳ್ಳುವುದರ ಜೊತೆಗೆ ವಿದ್ಯೆಯ ವಿನಿಮಯ: ನಿನ್ನೆ ನನ್ನದು ನಡುವೆ ಕುಸಿಯಿತು, ಸೋಡಾ ಜಾಸ್ತಿಯಾಯಿತೇನೋ, ಬಾಗಿಲು ಮಧ್ಯದಲ್ಲಿ ತೆರೆದಿರಾ? ನಮ್ಮ ಬೀದಿಗಳ ಮುಚ್ಚಿದ ಬಾಗಿಲುಗಳ ಹಿಂದೆ ಇಷ್ಟೊಂದು ಒಲೆಗಳು ಉರಿಯುತ್ತಿರುವುದನ್ನು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಯಾವ ಹಲಗೆಯೂ ಇಲ್ಲದ ಆ ಅಂಗಡಿಗಳ ನಕ್ಷೆ ಇದ್ದುದು ಆ ಸಾಮಾನಿನ ವ್ಯಾಪಾರಿಯ ತಲೆಯಲ್ಲಿ ಮಾತ್ರ.

ನನ್ನ ಅಗತ್ಯವನ್ನು ಕೇಳಿದ ಅವರು ಒಬ್ಬಾಕೆಯನ್ನು ಕರೆದು ತೋರಿಸಿದರು. "ಇವರು ಮೊಟ್ಟೆ ಮನೆಯೊಳಗೇ ತರಲ್ಲ ಸಾರ್."

ಆಕೆಗೆ ಮೂವತ್ತೈದು ಇರಬಹುದು. ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ; ಇಬ್ಬರು ಮಕ್ಕಳು. ಬಾಡಿಗೆ ಮನೆಯ ನಡುಮನೆಯ ಒಂದು ಮೂಲೆಯಲ್ಲಿ ಒಲೆ, ತಕ್ಕಡಿ, ತಿರುಗುವ ಮಣೆ. ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪತ್ರ, ಹದಿನಾಲ್ಕು ಅಂಕಿಯ ಸಂಖ್ಯೆಯೊಡನೆ ಚೌಕಟ್ಟಿನಲ್ಲಿತ್ತು. ನಮ್ಮ ಕಾಲದಲ್ಲಿ ಪದವಿಪತ್ರವನ್ನು ತೂಗುಹಾಕುತ್ತಿದ್ದ ಹಾಗೆ. ಮೊಟ್ಟೆಯನ್ನೇಕೆ ತರುವುದಿಲ್ಲವೆಂದು ಕೇಳಿದೆ. ಕಿರಿಯ ಮಗನಿಗೆ ಅದು ಒಗ್ಗದು. ಒಮ್ಮೆ ತಿಂದು ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದನಂತೆ. ಅವನ ಹುಟ್ಟುಹಬ್ಬಕ್ಕೆ ಕೇಕು ಮಾಡಲು ಹೋಗಿ ಈ ಕಸುಬನ್ನು ಕಲಿತರಂತೆ.

ನನಗೆ ಎಲ್ಲಿಯೋ ಓದಿದ್ದ ಒಂದು ಸಂಗತಿ ನೆನಪಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧದ ವ್ಯಾಪಾರಿಯಿದ್ದ. ಅವನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಆಕೆಗಾಗಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನು ಮಾಡಿದ. ಆಕೆಗೆ ಹುದುಗುಬರಿಸುವ ಯೀಸ್ಟೂ ಒಗ್ಗುತ್ತಿರಲಿಲ್ಲ. 1843ರಲ್ಲಿ ಬೇಕಿಂಗ್ ಪೌಡರನ್ನು ಮಾಡಿದ. ಜಗತ್ತಿನ ಅಡಿಗೆಮನೆಗಳಲ್ಲೆಲ್ಲ ಇಂದು ಇರುವ ಆ ಡಬ್ಬಿಯ ಮೂಲದಲ್ಲಿ, ಪಂಕ್ತಿಯಲ್ಲಿ ಕುಳಿತೂ ತಿನ್ನಲಾಗದೆ ಉಳಿದ ಒಂದು ಜೀವವಿತ್ತು; ಆ ಜೀವದ ಕಡೆ ನೋಡಿದ ಇನ್ನೊಂದು ಜೀವವಿತ್ತು. ಬರ್ಡನು ನೋಡಿದ, ಈ ತಾಯಿಯೂ ನೋಡಿದಳು. ನಮ್ಮ ಮನೆಯ ಪಂಕ್ತಿಯಲ್ಲಿ ಉಳಿದವರ ಕಡೆ ನಾನು ಅರವತ್ತೇಳನೆಯ ವಯಸ್ಸಿನಲ್ಲಿ ನೋಡಿದೆ, ಅದೂ ಏಳು ವರ್ಷದ ಮಗುವೊಂದು ತೋರಿಸಿದ ಮೇಲೆ.

ತೂಕ ಗೊತ್ತಾಯಿತು, ಒಂದು ಕಿಲೋ. ಬಣ್ಣ ಹೆಚ್ಚು ಬೇಡವೆಂದೆ. ಮೇಲೆ ಚಂದ್ರನ ಚಿತ್ರವಿರಲಿ ಎಂದೆ. ಆಕೆ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕೇಳಿದರು: "ಹೆಸರು ಏನಂತ ಬರೀಲಿ ಸಾರ್?"

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ.

ಅತ್ತೆಗೆ ಹೆಸರಿರಲಿಲ್ಲವೆಂದಲ್ಲ. ಪಡಿತರ ಚೀಟಿಯಲ್ಲಿತ್ತು, ಆಧಾರ್ ಚೀಟಿಯಲ್ಲಿತ್ತು. ಆದರೆ ನನ್ನ ತಂದೆ ಅವರನ್ನು "ಅಮ್ಮಣ್ಣಿ" ಎನ್ನುತ್ತಿದ್ದರು, ನಾವು "ಅತ್ತೆ" ಎನ್ನುತ್ತಿದ್ದೆವು, ನನ್ನ ಮಕ್ಕಳು "ಅಜ್ಜಿ" ಎನ್ನುತ್ತಾರೆ, ಮೊಮ್ಮಗಳು "ಮುತ್ತಜ್ಜಿ" ಎನ್ನುತ್ತಾಳೆ. ಮದುವೆಯಲ್ಲಿ ಗಂಡನ ಮನೆಯವರು ಇಟ್ಟ ಹೆಸರೊಂದಿತ್ತು. ಆತ ಹೋದ ಮೇಲೆ ಅದೂ ಹೋಯಿತು. ಚೀಟಿಗಳಲ್ಲಿ ಇದ್ದದ್ದು ಯಾವುದು? ಮೂವತ್ತನಾಲ್ಕು ವರ್ಷ ದಿನವೂ ಹಾಜರಿ ಕೂಗಿದವನು ನಾನು. ಸಾವಿರಾರು ಹೆಸರುಗಳು ನನ್ನ ನಾಲಗೆಯ ಮೇಲೆ ಸುಳಿದಿವೆ. ಒಂದೇ ಸೂರಿನಡಿ ಇದ್ದ ಆ ಜೀವವನ್ನು ಹೆಸರು ಹಿಡಿದು ಒಮ್ಮೆಯೂ ಕರೆದಿರಲಿಲ್ಲ. ಅತ್ತೆಯನ್ನು ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ, ನಿಜ. ತಿಳಿದಿರಬಾರದೆಂಬ ಪದ್ಧತಿಯೂ ಇಲ್ಲವಲ್ಲ! "ಸಂಜೆ ಹೇಳುತ್ತೇನೆ" ಎಂದು ಆಕೆಗೆ ಹೇಳಿ, ತಲೆ ತಗ್ಗಿಸಿಕೊಂಡು ಹೊರಬಂದೆ.

ಮನೆಗೆ ಬಂದು ಅತ್ತೆಯನ್ನೇ ಕೇಳಿದೆ. ಏತಕ್ಕೆಂದು ಅವರೂ ಕೇಳಲಿಲ್ಲ. ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ತವರಿನಲ್ಲಿ ಇಟ್ಟ ಹೆಸರನ್ನು ಹೇಳಿದರು. ಬಹಳ ದಿನದಿಂದ ತೆಗೆಯದ ಸಂದೂಕವನ್ನು ತೆಗೆದ ಹಾಗೆ, ಮೆಲ್ಲಗೆ. ಆ ಹೆಸರನ್ನು ಇಲ್ಲಿ ಹೇಳೋಣವೆಂದರೆ, "ರೇಡಿಯೋದಲ್ಲಿ ನನ್ನ ಹೆಸರು ಹೇಳಿದರೆ ಜೋಕೆ" ಎಂದು ಅವರ ಕಟ್ಟಪ್ಪಣೆಯಾಗಿದೆ.

ಭಾರತ ಹುಣ್ಣಿಮೆಯ ಸಂಜೆ ಕೇಕು ಬಂತು. ಅತ್ತೆ ಅದನ್ನು ದೂರದಿಂದಲೇ ಪರೀಕ್ಷಿಸಿದರು. "ಮೊಟ್ಟೆ ಇಲ್ಲ ತಾನೆ?"

"ಇಲ್ಲ."

"ನೋಡಿದೀಯಾ?"

"ಮನೆಗೆ ಹೋಗಿ ನೋಡಿ ಬಂದಿದೇನೆ."

"ಯಾವ ಪೈಕಿ ಆಕೆ?"

ಇದನ್ನು ನಾನು ನಿರೀಕ್ಷಿಸಿದ್ದೆ, ನಿರೀಕ್ಷಿಸಿಯೂ ಉತ್ತರವನ್ನು ಸಿದ್ಧಪಡಿಸಿಕೊಂಡಿರಲಿಲ್ಲ. "ಕೇಳಲಿಲ್ಲ ಅತ್ತೆ" ಎಂದೆ.

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಎಂಬತ್ತೊಂದು ವರ್ಷದ ನೇಮವೆಂಬುದು ಹಗುರವಾದದ್ದಲ್ಲ. ಎಲ್ಲವನ್ನೂ ಕಿತ್ತುಕೊಂಡ ಬಾಳಿನಲ್ಲಿ ಅವರ ಕೈಯಲ್ಲಿ ಉಳಿದಿದ್ದ ಸ್ವತ್ತು ಅದೊಂದೇ. ಅದನ್ನು ಬಿಡಿರೆಂದು ಹೇಳುವ ಅಧಿಕಾರ, ಅವರನ್ನು ಒಳಕೋಣೆಯಲ್ಲಿ ಬಿಟ್ಟ ನಮಗೆ ಎಲ್ಲಿಂದ ಬರಬೇಕು? ಕೊನೆಗೆ ಅವರೇ ಹೇಳಿದರು: "ಕೇಳದೇ ಇದ್ದದ್ದೇ ಒಳ್ಳೇದಾಯ್ತು ಬಿಡು. ಕೇಳಿದ್ರೆ ನಾನೂ ಯೋಚನೆ ಮಾಡಬೇಕಾಗ್ತಿತ್ತು."

ಮೇಣದ ಬತ್ತಿ ಊದುವುದಕ್ಕೆ ಮಾತ್ರ ಒಪ್ಪಲಿಲ್ಲ. ಹಚ್ಚಿದ ದೀಪವನ್ನು ಬಾಯಿಂದ ಆರಿಸುವುದುಂಟೇ? ಮೊಮ್ಮಗಳು ಯೋಚಿಸಿ, ದೇವರ ಮನೆಯ ನಂದಾದೀಪದಿಂದ ಒಂದು ಹಣತೆಯನ್ನು ಹಚ್ಚಿ ತಂದು ಕೇಕಿನ ಪಕ್ಕದಲ್ಲಿಟ್ಟಳು. ನನ್ನ ಹೆಂಡತಿ ಅತ್ತೆಯನ್ನು ಕೈಹಿಡಿದು ಕರೆತಂದು ನಡುಮನೆಯ ಮಣೆಯ ಮೇಲೆ ಕೂರಿಸಿದಳು. ಮಕ್ಕಳು ಹಾಡಿದರು. ಹೆಸರು ಬರುವ ಜಾಗದಲ್ಲಿ ಮೊಮ್ಮಗಳು ಕೇಕಿನ ಮೇಲಿನ ಅಕ್ಷರಗಳನ್ನು ಓದಿಕೊಂಡು, ಮುತ್ತಜ್ಜಿಯ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಅತ್ತೆ ತಲೆ ಎತ್ತಿ, ಯಾರನ್ನೋ ಕರೆದರೆಂಬಂತೆ ಸುತ್ತ ನೋಡಿದರು.

ಕೇಕನ್ನು ಕತ್ತರಿಸಿದರು. ಹೆಸರಿದ್ದ ಕಡೆ ಚಾಕು ತಾಗದಂತೆ, ಅಂಚಿನಲ್ಲಿ ಒಂದು ತುಂಡು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಆರು ದಶಕ ಒಲೆಯ ಮುಂದೆ ನಿಂತವರು. ಅವರ ನಾಲಗೆಯೇನು ಸಾಮಾನ್ಯವೇ?

"ಚೆನ್ನಾಗಿದೆ. ಒಂದು ಚಿಟಿಕೆ ಉಪ್ಪು ಹಾಕಿದ್ರೆ ಸಿಹಿ ಇನ್ನೂ ಎದ್ದು ಬರ್ತಿತ್ತು. ಹೋಳಿಗೆ ಹೂರಣಕ್ಕೆ ನಾನು ಹಾಕ್ತೀನಲ್ಲ, ಹಾಗೆ. ಆಕೆಗೆ ಹೇಳು."

ಮರುದಿನ ಹೋಗಿ ಹೇಳಿದೆ. ಆಕೆ ನಗಲಿಲ್ಲ, ಪುಸ್ತಕ ತೆಗೆದು ಬರೆದುಕೊಂಡರು. "ಎಷ್ಟು ಸಾರ್, ಒಂದು ಕಿಲೋಗೆ?" ಎಂದರು. ನನಗೆ ತಿಳಿಯದು. ಆ ಲೆಕ್ಕವನ್ನು ಕೇಳುವುದಕ್ಕೆಂದು ಆಕೆ ಮುಂದಿನ ಭಾನುವಾರ ನಮ್ಮ ಮನೆಗೆ ಬಂದರು. ಅತ್ತೆ ಅವರನ್ನು ಅಡಿಗೆಕೋಣೆಗೇ ಕರೆದುಕೊಂಡರು. ಬಾಗಿಲು ಅರ್ಧ ಮುಚ್ಚಿತ್ತು. ಒಂದು ಗಂಟೆಯ ಮೇಲೆ ಒಳಗಿನಿಂದ ಮಾತು ಕೇಳಿಬರುತ್ತಲೇ ಇತ್ತು.